ಸಹಾಯ ಬೇಕು: ಮಗನ ಕ್ಲಾಸಿನಲ್ಲಿ ನಾಯಿಕೆಮ್ಮು, ಮನೆಯಲ್ಲಿ ಹಸುಗೂಸು

ನಮಸ್ಕಾರ. ಮಗ ಐದನೇ ಕ್ಲಾಸು. ಅವನ ಪಕ್ಕ ಕೂರುವ ಹುಡುಗನಿಗೆ ನಾಯಿಕೆಮ್ಮು ಅಂತ ಗೊತ್ತಾಗಿದೆ. ತಂಗಿ ಬಾಣಂತನಕ್ಕೆ ನಮ್ಮಲ್ಲೇ ಇದ್ದಾಳೆ. ಕೂಸಿಗೆ ಇನ್ನೂ 6 ವಾರ ತುಂಬಿಲ್ಲ, ನಾಯಿಕೆಮ್ಮೂ ಸೇರಿ ಐದು ರೋಗಕ್ಕೆ ಹಾಕುವ ಪೆಂಟಾವೇಲೆಂಟ್ ಲಸಿಕೆ ಮೊದಲನೇದೂ ಆಗಿಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ಕೆಮ್ಮು ಜೋರಾಗಿ ಕಾಣದೆಯೇ ಉಸಿರು ನಿಂತು ನಿಂತು ಬರಬಹುದು. ಅದೇ ಭಯ.

ಮಗನ ತಾಯಿ ಕಾರ್ಡ್ ತೆಗೆದು ನೋಡಿದೆ. ಒಂದೂವರೆ ವರ್ಷದ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಬೂಸ್ಟರ್‌ಗೆ ತಾರೀಖು, ಸಹಿ ಇದೆ. 5 ವರ್ಷದ ಕಾಲಂ ಖಾಲಿ. ಆಗ ಕೊರೋನಾ ಗಲಾಟೆ. ಮೊನ್ನೆ ಶಾಲೆಯಲ್ಲಿ ಟಿಡಿ ಲಸಿಕೆ ಹಾಕಿದರು, ಸದ್ಯ ಅಂದುಕೊಂಡೆವು. ಆಶಾ ಅಕ್ಕನನ್ನು ಕೇಳಿದರೆ ಅದರಲ್ಲಿ ಧನುರ್ವಾಯು, ಗಂಟಲುಮಾರಿಗೆ ಮಾತ್ರ ರಕ್ಷಣೆ, ನಾಯಿಕೆಮ್ಮಿಗಿಲ್ಲ ಅಂದರು. 7 ವರ್ಷ ದಾಟಿದ್ದಕ್ಕೆ ಡಿಪಿಟಿಯೂ ಕೊಡಲ್ಲ. ತಂಗಿಗೂ ಗರ್ಭಿಣಿಯಾಗಿದ್ದಾಗ ಟಿಡಿ ಮಾತ್ರ ಆಗಿದೆ. ಖಾಸಗಿಯಲ್ಲಿ ನಾಯಿಕೆಮ್ಮಿಗೂ ಆಗುವ ಟಿಡ್ಯಾಪ್ ಲಸಿಕೆ ಸಿಗುತ್ತೆ, ಆದರೆ ಒಬ್ಬರು ಹಾಕಿಸಿ ಅಂತಾರೆ, ಇನ್ನೊಬ್ಬರು ಟಿಡಿ ಈಗಷ್ಟೇ ಆಗಿದೆ, ಕಾಯಿರಿ ಅಂತಾರೆ. ಅಮ್ಮನದು ಹಿಪ್ಪಲಿ ಕಷಾಯ, ಅದು ಬಿಡಿ.

ಮಗನಿಗೆ ಸದ್ಯ ಕೆಮ್ಮಿಲ್ಲ. ಕೂಸಿನ ಕೋಣೆಗೆ ಬಿಡ್ತಿಲ್ಲ.

ಗೊತ್ತಿರುವ ಡಾಕ್ಟರು, ನರ್ಸುಗಳು ದಯವಿಟ್ಟು ಹೇಳಿ: ಟಿಡಿ ಆದವನಿಗೆ ಟಿಡ್ಯಾಪ್ ಈಗಲೇ ಹಾಕಿಸಬಹುದಾ, ಅಂತರ ಬೇಕಾ? ಕೆಮ್ಮು ಶುರುವಾಗುವ ಮೊದಲೇ ಮನೆಯವರೆಲ್ಲ ಅಜಿತ್ರೋಮೈಸಿನ್ (ಆ್ಯಂಟಿಬಯೋಟಿಕ್ ಮಾತ್ರೆ) ತಗೋಬೇಕಾ?