ಕಂಪೈಲರ್ ತೆಗೆದುಹಾಕಿದ ಚರಾಂಶಕ್ಕೆ ‘ಲೋಪ’ ಎನ್ನಬಹುದೇ?

ಆತ್ಮೀಯರೇ,

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿ ಭಾಷೆ ಕಲಿಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳಿಗಾಗಿ ಮೆಮೊರಿ ಸುರಕ್ಷತೆಯ ಪರೀಕ್ಷೆಗಳ ಕುರಿತು ಟಿಪ್ಪಣಿ ಬರೆಯುತ್ತಿದ್ದೇನೆ. ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್, ಬೇಡವೆನಿಸಿದ ಚರಾಂಶವನ್ನು (ವೇರಿಯಬಲ್) ತೆಗೆದುಹಾಕುವುದಕ್ಕೆ ಒಂದು ಕ್ರಿಯಾಪದ ಬೇಕಾಗಿದೆ.

ಸಂದರ್ಭ ಹೀಗಿದೆ. ಸ್ಟ್ಯಾಟಿಕ್ ಎಂದು (ಆ ಕಡತದ ಹೊರಗೆ ಕಾಣದಂತೆ) ಘೋಷಿಸಿದ, ನಾಲ್ಕು ಮನೆಗಳ ಗ್ಲೋಬಲ್ ಅರೇ, ಅಂದರೆ ಸಾಲಾಗಿ ಬೆಲೆಗಳನ್ನಿಡುವ ಚರಾಂಶ, ಒಂದಿದೆ. ಲೂಪ್ ಅಳತೆ ಮೀರಿ ಐದನೆಯ ಮನೆಗೂ ಬೆಲೆ ತುಂಬುತ್ತದೆ. ಆಪ್ಟಿಮೈಸೇಶನ್ (ಕೋಡನ್ನು ಚುರುಕುಗೊಳಿಸುವ ಕೆಲಸ) ಇಲ್ಲದೆ, ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೋಡಿಸಿ ಓಡಿಸಿದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಓ2 ಎಂಬ ಹೆಚ್ಚಿನ ಆಪ್ಟಿಮೈಸೇಶನ್ ಹಂತದಲ್ಲಿ ಹಾಗಲ್ಲ. ಆ ಅರೇಯನ್ನು ಯಾರೂ ಓದುತ್ತಿಲ್ಲವೆಂದು ಕಂಡರೆ ಕಂಪೈಲರ್ ಅದನ್ನೂ ಅದಕ್ಕೆ ಬೆಲೆ ತುಂಬುವ ಸೂಚನೆಗಳನ್ನೂ ತೆಗೆದುಬಿಡಬಹುದು. ಆಗ ಸ್ಯಾನಿಟೈಸರ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ. ತಪ್ಪು ಮಾತ್ರ ಮೂಲದಲ್ಲಿ ಹಾಗೆಯೇ ಇರುತ್ತದೆ. ನಾಳೆ ಯಾರಾದರೂ ಆ ಅರೇಯನ್ನು ಓದುವ ಒಂದು ಸಾಲು ಸೇರಿಸಿದರೆ ಮತ್ತೆ ತಲೆಯೆತ್ತುತ್ತದೆ. ಎರಡೂ ಹಂತಗಳಲ್ಲಿ ಪರೀಕ್ಷಿಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕೇ.

ಇದನ್ನು ‘ಅರೇ ಅಳಿಸಿಹೋಯಿತು’ ಎಂದು ಬರೆದರೆ, ಪಕ್ಕದಿಂದ ಉಕ್ಕಿ ಬಂದ ಬೆಲೆ ಅದರ ಮೇಲೆ ಬಿದ್ದು ಹಾಳುಮಾಡಿತೆಂದು ಓದುಗರು ತಿಳಿಯುತ್ತಾರೆ. ಮೆಮೊರಿ ಸುರಕ್ಷತೆಯ ಬರಹದಲ್ಲಿ ಈ ಗೊಂದಲ ಸಲ್ಲದು.

ನನಗೆ ಸಂಧಿ ಪ್ರಕರಣದ ಪದಗಳೇ ಒಗ್ಗುತ್ತವೆ. ‘ಊರಲ್ಲಿ’ ಎಂಬಲ್ಲಿ ಉಕಾರ ಲೋಪವಾಗುವಂತೆ ಇಲ್ಲಿ ಚರಾಂಶ ಲೋಪವಾಗುತ್ತದೆ. ಎಂದೂ ಬದಲಾಗದ ಚರಾಂಶವಿದ್ದ ಕಡೆಯೆಲ್ಲ ಕಂಪೈಲರ್ ಅದರ ಬೆಲೆಯನ್ನೇ ನೇರವಾಗಿ ಇಟ್ಟರೆ ಅದು ಆದೇಶ, ‘ಮಳೆಗಾಲ’ದ ಗಕಾರದ ಹಾಗೆ. ಗ್ಲೋಬಲ್ ಚರಾಂಶದ ಪಕ್ಕದಲ್ಲಿ ಸ್ಯಾನಿಟೈಸರ್ ಹೊಸದಾಗಿ ಸೇರಿಸುವ, ಯಾರೂ ಮುಟ್ಟಬಾರದ ರೆಡ್‌ಝೋನ್ ಆಗಮ. ಭದ್ರಾ ನಾಲೆಯ ಕಡೆಯ ವಿದ್ಯಾರ್ಥಿಗಳು ಇದಕ್ಕೆ ಗದ್ದೆಯ ‘ಬದು’ ಎನ್ನುತ್ತಾರೆ. ಚೆಂದದ ಪದವೇ, ಆದರೆ ಬದುವಿನ ಮೇಲೆ ಊರೆಲ್ಲ ಓಡಾಡುತ್ತದೆ! ಅಂದ ಹಾಗೆ, ಈ ಆಗಮ ತಪ್ಪಿಹೋಗುವುದೂ ಉಂಟು: ಸ್ಟ್ಯಾಟಿಕ್ ಅಲ್ಲದ, ಆರಂಭಿಕ ಬೆಲೆ ಕೊಡದ ಸಿ ಗ್ಲೋಬಲ್‌ಗಳನ್ನು ಹಳೆಯ ಜಿಸಿಸಿ ಕಂಪೈಲರ್ ‘ಕಾಮನ್’ ಎಂದು, ಕೋಡಿನ ತುಣುಕುಗಳನ್ನು ಜೋಡಿಸುವ ಲಿಂಕರ್‌ಗೆ ಬಿಟ್ಟುಕೊಡುತ್ತಿದ್ದುದರಿಂದ ಅವುಗಳಿಗೆ ರೆಡ್‌ಝೋನ್ ಸಿಗುತ್ತಿರಲಿಲ್ಲ. 2020ರಲ್ಲಿ ಬಂದ ಜಿಸಿಸಿ 10ರಿಂದ ಆ ರೂಢಿ ಬದಲಾಯಿತು.

ತೊಡಕು ಇರುವುದು ‘ಲೋಪ’ದಲ್ಲೇ. ಪತ್ರಿಕೆಗಳ ‘ಭದ್ರತಾ ಲೋಪ’ ನಮ್ಮ ಕಿವಿಯಲ್ಲಿ ಕೂತುಬಿಟ್ಟಿದೆ. ‘ಪರೀಕ್ಷೆಯಲ್ಲಿ ಲೋಪ ಕಂಡಿತು’ ಎಂದರೆ ಕಂಪೈಲರ್ ಚರಾಂಶವನ್ನು ತೆಗೆಯಿತು ಎಂದೇ ಅಥವಾ ಕೋಡಿನಲ್ಲಿ ತಪ್ಪಿತ್ತು ಎಂದೇ? ತಪ್ಪಿಗೆ ಎಲ್ಲೆಡೆ ‘ದೋಷ’ವನ್ನೇ ಇಟ್ಟು, ಕಂಪೈಲರ್‌ನ ಕೆಲಸಕ್ಕೆ ‘ಲೋಪಗೊಳಿಸು’ ಎಂಬ ಕ್ರಿಯಾರೂಪವನ್ನಷ್ಟೇ ಬಳಸಿದರೆ ಅರ್ಥ ತಿಳಿಯಾದೀತು ಎಂಬುದು ನನ್ನ ಎಣಿಕೆ. ‘ಲೋಪಿಸು’ ಇದೆ ನಿಜ, ಆದರೆ ಅದು ತಾನಾಗಿಯೇ ಇಲ್ಲವಾದಂತೆ ಕೇಳಿಸುತ್ತದೆ. ಇಲ್ಲಿ ತೆಗೆಯುವವರು ಒಬ್ಬರಿದ್ದಾರೆ.

ವ್ಯಾಕರಣ ಬಲ್ಲವರು ‘ಲೋಪಗೊಳಿಸು’ವನ್ನು ಒಪ್ಪುತ್ತೀರಾ? ಇದಕ್ಕಿಂತ ಹಗುರವಾದ ಅಚ್ಚಗನ್ನಡ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.