ಅಪ್‌ಡೇಟ್: ಸ್ಕೆಲಿಗ್ ಮೈಕಲ್‌ಗೆ ಯಾವಾಗ ಹೋಗಬೇಕು?

ಐರ್ಲೆಂಡಿನ ಈ ದ್ವೀಪದಲ್ಲಿ ಪಫಿನ್ ಹಕ್ಕಿ, ಹಳೇ ಕ್ರೈಸ್ತ ಮಠ ಎರಡೂ ಒಟ್ಟಿಗೆ ನೋಡೋಕೆ ಯಾವ ತಿಂಗಳು ಸರಿ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು: ಮೇ ಕೊನೆಯಿಂದ ಜುಲೈ ಮಧ್ಯದೊಳಗೆ. ಆಗಸ್ಟ್ ಶುರುವಾಗುವ ಹೊತ್ತಿಗೆ ಪಫಿನ್‌ಗಳು ಕಡಲಿಗೆ ಹೊರಟುಬಿಡುತ್ತವೆ.

ದೋಣಿ ಕೆರ್ರಿ ಕೌಂಟಿಯ ಪೋರ್ಟ್‌ಮ್ಯಾಗಿ ಊರಿಂದ. ದ್ವೀಪದಲ್ಲಿ ಇಳಿಸುವ ಟಿಕೆಟ್ಟೇ ಬೇರೆ, ಸುತ್ತು ಹಾಕಿಸಿ ವಾಪಸ್ ತರುವುದೇ ಬೇರೆ. ನೋಡಿ ಬುಕ್ ಮಾಡಿ. ಅಲೆಯ ಉಬ್ಬು ಜಾಸ್ತಿಯಿದ್ದರೆ ದೋಣಿ ಕಟ್ಟೆಗೆ ತಾಗಿ ನಿಲ್ಲುವುದಿಲ್ಲ, ಒಳ್ಳೇ ಬಿಸಿಲಿದ್ದರೂ ರದ್ದು. ಎರಡು ದಿನ ಕೈಯಲ್ಲಿಟ್ಟುಕೊಳ್ಳಿ.

618 ಮೆಟ್ಟಿಲು, ಬಹುಪಾಲು ಹಿಡಿಗಂಬಿಯಿಲ್ಲ. ಮೇಲೆ ಸನ್ಯಾಸಿಗಳ ಜೇನುಗೂಡಿನಂಥ ಕಲ್ಲುಗುಡಿಸಲು. ಗಾರೆಯಿಲ್ಲ, ಕಲ್ಲಿನ ಪ್ರತಿ ಸಾಲು ಕೆಳಗಿನದಕ್ಕಿಂತ ತುಸು ಒಳಚಾಚಿ, ತುದಿಯಲ್ಲಿ ಮುಚ್ಚಿಕೊಳ್ಳುತ್ತದೆ. ಹೊರಗೆ ದುಂಡು, ಒಳಗೆ ಮಾತ್ರ ಚೌಕ!