ಇಂಗ್ಲಿಷ್‌ನ "ಔಟ್ ಆಫ್", "ಡೌನ್ ಫ್ರಮ್", "ಅಪ್ ಟು" ಇದ್ರಲ್ಲಿ ಯಾವ್ದು ವರ್ಬಿಗೆ ಅಂಟಿದ್ದು, ಯಾವ್ದು ನೌನಿಗೆ?

ಸಬ್‌ಟೈಟಲ್ ಸೀನ:

ಎಲ್ರಿಗೂ ನಮಸ್ಕಾರ. ನಾನು ಕನ್ನಡ ಶಾರ್ಟ್ ಫಿಲ್ಮ್‌ಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೀತೀನಿ. ಜಗಳ, ಪ್ರೀತಿ, ಅಳು ಎಲ್ಲಾ ಹೇಗೋ ಆಗುತ್ತೆ, ಆದ್ರೆ ಯಾರೋ ಎಲ್ಲಿಂದ ಎಲ್ಲಿಗೆ ಹೋದ ಅನ್ನೋ ಮಾತು ಬಂತು ಅಂದ್ರೆ ಸಿಕ್ಕಾಕ್ಕೊಳ್ತೀನಿ. ಈಗಿನ ಸ್ಕ್ರಿಪ್ಟಲ್ಲಿ ಒಂದು ಅಜ್ಜಿ ಪೊಲೀಸರ ಹತ್ರ ಹೇಳುತ್ತೆ, "ಅವ್ನು ಮೆಟ್ಲಿಳಿದು ಓಡ್ಬಂದು ರಸ್ತೆ ದಾಟಿ ಅಂಗಡಿಗೆ ನುಗ್ಗಿದ" ಅಂತ. ನಾನು ಹಾಕಿರೋದು "ಹಿ ಡಿಸೆಂಡೆಡ್ ದ ಸ್ಟೆಪ್ಸ್, ಕೇಮ್ ರನ್ನಿಂಗ್, ಕ್ರಾಸ್ಡ್ ದ ರೋಡ್ ಆಂಡ್ ಎಂಟರ್ಡ್ ಇನ್‌ಟು ದ ಶಾಪ್". ಡೈರೆಕ್ಟರ್ ಓದಿ "ಇದು ಅಜ್ಜಿ ಮಾತಾ, ಎಫ್‌ಐಆರಾ" ಅಂದ್ರು. ಸಾಲಿಗೆ 42 ಅಕ್ಷರ, ಎರಡೇ ಸಾಲು ಅನ್ನೋ ಲಿಮಿಟ್ ಬೇರೆ ಇದೆ.

ಫ್ರೇಸಲ್ ವರ್ಬ್, ಅಂದ್ರೆ ವರ್ಬಿಗೆ ಔಟ್, ಅಪ್ ಥರದ ಚಿಕ್ಕ ಪದ ಸೇರಿರೋದು, ಕಲೀರಿ ಅಂತ ಎಲ್ರೂ ಹೇಳ್ತಾರೆ ಸರಿ, ಆದ್ರೆ ಸಿಗೋ ಲಿಸ್ಟಲ್ಲೆಲ್ಲ "ರನ್ ಔಟ್ ಆಫ್" ಅಂದ್ರೆ ಖಾಲಿಯಾಗೋದು ಅಂತಿದೆ. ಮನೆಯಿಂದ ಹೊರಗೆ ಓಡೋದಕ್ಕೂ ಅದೇ ಮೂರು ಪದ ತಾನೆ? ಈ ಪದಗಳು ಹೇಗೆ ಸೇರ್ಕೊಳ್ತವೆ ಅನ್ನೋದಕ್ಕೆ ಏನಾದ್ರೂ ಲೆಕ್ಕ ಇದ್ಯಾ, ಇಲ್ಲಾ ಬಾಯಿಪಾಠವೇ ಗತಿನಾ?

ತುಮಕೂರು ಮೇಷ್ಟ್ರು:

ಲೆಕ್ಕ ಇದೆ ಕಣಪ್ಪ. ಓಡಾಟದ ವಿಷಯಕ್ಕೆ ಬಂದ್ರೆ ಲಿಸ್ಟ್ ಬಿಸಾಕು, ಲಿಸ್ಟೆಲ್ಲ ಅರ್ಥ ತಿರುಗಿರೋ ಪದಗಳಿಗೆ ಮಾಡಿರೋದು.

"ಕೇಮ್ ಡೌನ್ ಫ್ರಮ್ ದ ಟ್ರೀ" ತಗೋ. ಮರ ಅನ್ನೋ ಪದ ಕಿತ್ತಾಕಿ ನೋಡು, "ಕೇಮ್ ಡೌನ್" ಅಂತ ನಿಲ್ಸಿದ್ರೆ ಮಾತು ಪೂರ್ತಿ ಆಯ್ತು, "ಕೇಮ್ ಫ್ರಮ್" ಅಂತ ನಿಲ್ಸಿದ್ರೆ ಎಲ್ಲಿಂದ ಅಂತ ಕೇಳ್ಬೇಕು. ಹಂಗಾದ್ರೆ ಡೌನ್ ಅನ್ನೋದು ವರ್ಬಿನ ಕಡೆಯವನು, ದಿಕ್ಕು ಹೇಳ್ತಾನೆ, ಫ್ರಮ್ ನೌನಿನ ಕಡೆಯವನು, ನಮ್ಮ "ಇಂದ" ಮಾಡೋ ಕೆಲಸ ಮಾಡ್ತಾನೆ. "ರ್‍ಯಾನ್ ಔಟ್ ಆಫ್ ದ ಹೌಸ್", "ವಾಕ್ಡ್ ಅಪ್ ಟು ದ ಕೌಂಟರ್", "ಕ್ಲೈಂಬ್ಡ್ ಬ್ಯಾಕ್ ಇನ್‌ಟು ದ ವ್ಯಾನ್" ಎಲ್ಲಾದಕ್ಕೂ ಇದೇ ಪರೀಕ್ಷೆ. ಯಾವಾಗ್ಲೂ ದಿಕ್ಕು ಮೊದ್ಲು, ಆಮೇಲೆ ಪ್ರಿಪೊಸಿಷನ್, ಆಮೇಲೆ ಜಾಗ. ಇನ್‌ಟು, ಆನ್‌ಟು ಅನ್ನೋವು ದಿಕ್ಕು, ಪ್ರಿಪೊಸಿಷನ್ ಎರಡೂ ಸೇರಿ ಒಂದೇ ಪದ ಆಗಿರೋವು ಅಷ್ಟೆ. "ಡೌನ್ ದ ಸ್ಟೆಪ್ಸ್" ಅಂದಾಗ ಡೌನ್ ತಾನೇ ನೌನ್ ಹಿಡ್ಕೊಂಡಿದೆ, ಅಲ್ಲಿ ಅದೇ ಪ್ರಿಪೊಸಿಷನ್. ಹಡಲ್‌ಸ್ಟನ್ ಮತ್ತು ಪುಲಮ್ ಅನ್ನೋ ಭಾಷಾವಿಜ್ಞಾನಿಗಳು 2002ರಲ್ಲಿ ತಂದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಂತೂ ಒಂಟಿಯಾಗಿ ನಿಲ್ಲೋ ಡೌನ್, ಔಟ್‌ಗಳನ್ನೂ ಪ್ರಿಪೊಸಿಷನ್ ಅಂತಲೇ ಕರೆದಿದ್ದಾರೆ. ಆ ಜಗಳ ನಿನಗೆ ಬೇಡ, ಸಬ್‌ಟೈಟಲ್ ಬರಿ.

ಖಾಲಿಯಾಗೋದು ಯಾವ್ದು, ಓಡೋದು ಯಾವ್ದು ಅಂತ ತಿಳೀಬೇಕಾ? ದಿಕ್ಕನ್ನ ವಾಕ್ಯದ ಮುಂದಕ್ಕೆ ತಂದು ನೋಡು. "ಔಟ್ ಆಫ್ ದ ಹೌಸ್ ರ್‍ಯಾನ್ ದ ಬಾಯ್" ಕಥೆ ಹೇಳೋ ಧಾಟಿಯಲ್ಲಿ ಸರಿಯಾಗೇ ಕೂರುತ್ತೆ. ಸಕ್ಕರೆ ಖಾಲಿಯಾಗಿರೋದನ್ನ ಹಂಗೆ ತಿರುಗಿಸಿ ಹೇಳೋಕ್ಕಾಗಲ್ಲ.

ಈಗ ನಿನ್ನ ಅಜ್ಜಿ. ಕನ್ನಡದಲ್ಲಿ ದಾರಿ ಕ್ರಿಯಾಪದದ ಹೊಟ್ಟೆಯೊಳಗೇ ಇರುತ್ತೆ, ಇಳಿ, ಹತ್ತು, ದಾಟು, ನುಗ್ಗು, ಹೊರಡು. ಹೇಗೆ ಹೋದ ಅನ್ನೋದು "ಓಡಿ", "ತೆವಳ್ಕೊಂಡು" ಅಂತ ಪಕ್ಕಕ್ಕೆ ಬಂದು ನಿಲ್ಲುತ್ತೆ. ಇಂಗ್ಲಿಷಲ್ಲಿ ಉಲ್ಟಾ, ಓಟ ವರ್ಬಲ್ಲಿ, ದಾರಿ ಹೊರಗಡೆ ಚಿಲ್ರೆ ಪದಗಳಲ್ಲಿ. ಅದಕ್ಕೇ ನಮ್ಮ ನಾಲ್ಕು ಕ್ರಿಯಾಪದಕ್ಕೆ ಅಲ್ಲಿ ಒಂದು ಸಾಕು: "ಹಿ ರ್‍ಯಾನ್ ಡೌನ್ ದ ಸ್ಟೆಪ್ಸ್, ಅಕ್ರಾಸ್ ದ ರೋಡ್ ಆಂಡ್ ಇನ್‌ಟು ದ ಶಾಪ್". ಎರಡು ಸಾಲಲ್ಲಿ ಆರಾಮಾಗಿ ಹಿಡಿಯುತ್ತೆ. ಡಿಸೆಂಡ್, ಎಂಟರ್, ಎಕ್ಸಿಟ್ ಇವೆಲ್ಲ ಲ್ಯಾಟಿನ್ ಮೂಲದಿಂದ ಬಂದಿರೋವು, ದಾರಿಯನ್ನ ಒಳಗೇ ಇಟ್ಕೊಂಡಿರೋದ್ರಿಂದ ನಮಗೆ ಸಲೀಸು ಅನ್ಸಿ ಕೈ ಅಲ್ಲಿಗೇ ಹೋಗುತ್ತೆ, ಇಂಗ್ಲಿಷ್ ಕಿವಿಗೆ ಆಫೀಸ್ ಭಾಷೆ ಥರ ಕೇಳ್ಸುತ್ತೆ. ಅಂದಹಾಗೆ ಅಂಗಡಿಗೆ "ಎಂಟರ್ ಇನ್‌ಟು" ಅನ್ನಲ್ಲ, ಅದು ಒಪ್ಪಂದಕ್ಕೆ, ಕರಾರಿಗೆ.

ಪೇಡಾ ಪ್ರಿಯ, ಧಾರವಾಡ:

ಸರ್ ಹೇಳಿದ್ದು ಖರೆ ಅದರಿ, ಆದ್ರ ಒಂದು ಮಾತು ಬಿಟ್ಟಾರ. ಅಜ್ಜಿ "ಓಡ್ಬಂದು" ಅಂದಾಳ, ಅಂದ್ರ ಆಕಿ ರಸ್ತೆ ಕಡೀನ ನಿಂತಿದ್ಲು ಅಂತ ಆತು. ಇಂಗ್ಲಿಷ್ ಸಾಲಿನ್ಯಾಗ ಅದು ಹಾರಿ ಹೋತು. "ರ್‍ಯಾನ್ ಔಟ್" ಅಂದ್ರ ಓಡಿ ಹೊರಗ ಬಂದನೋ ಹೋದನೋ ಗೊತ್ತಾಗಂಗಿಲ್ಲ, ನಮ್ಮ ಕನ್ನಡದಾಗ ಮಾತಾಡಾಂವ ಎಲ್ಲಿ ನಿಂತಾನ ಅಂತ ಬಹುತೇಕ ಹೇಳಲೇಬೇಕು. ಪೊಲೀಸ್ರ ಮುಂದ ಹೇಳೋ ಸಾಕ್ಷಿ ಇದ್ರ ಇದು ಸಣ್ಣ ವಿಷಯ ಅಲ್ರಿ, ಅಕಿ ಎಲ್ಲಿಂದ ನೋಡಿದ್ಲು ಅನ್ನೋದ ಕೇಸ್ ಇರಬಹುದು. "ಕೇಮ್ ರನ್ನಿಂಗ್ ಡೌನ್ ದ ಸ್ಟೆಪ್ಸ್" ಅಂತ ಹಾಕ್ರಿ, ಬಂದದ್ದೂ ಉಳೀತದ, ಓಡಿದ್ದೂ ಉಳೀತದ.

ಮತ್ತ ದಾರಿ ವರ್ಬಿನ ಒಳಗೋ ಹೊರಗೋ ಅನ್ನೋ ಈ ಕಥಿ ಹಳೇದು. ಲೆನರ್ಡ್ ಟಾಲ್ಮಿ ಅಂತ ಅಮೆರಿಕದ ಭಾಷಾವಿಜ್ಞಾನಿ 1985ರ ಲೇಖನದಾಗ ಇದನ್ನ ಬಿಡಿಸಿ ಬರದಾರ, ವರ್ಬಿನ ಸುತ್ತ ತಿರುಗೋ ಔಟ್, ಅಪ್‌ಗಳಿಗೆ ಸ್ಯಾಟಲೈಟ್ ಅಂತ ಹೆಸರಿಟ್ಟಾರ. ಜರ್ಮನ್, ರಷ್ಯನ್ ಇಂಗ್ಲಿಷ್ ಕಡೆ, ಸ್ಪ್ಯಾನಿಶ್, ಟರ್ಕಿಶ್ ನಮ್ಮ ಕಡೆ. ಆಮ್ಯಾಲ ಡ್ಯಾನ್ ಸ್ಲೋಬಿನ್ ಅನ್ನೋ ಭಾಷಾ ಸಂಶೋಧಕರು ಮತ್ತ ಅವರ ಜೋಡಿ ಇದ್ದವರು ಕಪ್ಪಿ ಹುಡುಕೋ ಹುಡುಗನ ಒಂದು ಮಾತಿಲ್ಲದ ಚಿತ್ರಪುಸ್ತಕ ಕೊಟ್ಟು ಬ್ಯಾರೆ ಬ್ಯಾರೆ ಭಾಷಾದ ಮಕ್ಕಳ ಕಡೆ ಕಥಿ ಹೇಳಿಸಿದ್ರು. ಮರದ ಪೊಟರಿಂದ ಗೂಗಿ ಬರೋ ಚಿತ್ರಕ್ಕ ಇಂಗ್ಲಿಷ್ ಮಾತಾಡೋವ್ರು "ಪಾಪ್ಡ್ ಔಟ್", "ಫ್ಲೂ ಔಟ್" ಅಂತಿದ್ರಂತ, ಸ್ಪ್ಯಾನಿಶ್‌ನವ್ರು ಸೀದಾ "ಹೊರಗ ಬಂತು" ಅಂತ ಅಷ್ಟ ಮುಗಿಸಿದ್ರಂತ.

ಹಂಗಂತ ಇಂಗ್ಲಿಷೇ ಎಲ್ಲಾದ್ರಾಗೂ ಮುಂದ ಅನ್ಕೋಬ್ಯಾಡ್ರಿ. "ದ ಬೋಟ್ ಫ್ಲೋಟೆಡ್ ಅಂಡರ್ ದ ಬ್ರಿಡ್ಜ್" ಅಂದ್ರ ಬ್ರಿಡ್ಜ್ ಕೆಳಗ ನಿಂತು ತೇಲತಿತ್ತೋ, ತೇಲಿ ಕೆಳಗ ಹೋಗಿ ನಿಂತ್ತೋ, ಕೆಳಗಿಂದ ಹಾದು ಹೋತೋ, ಮೂರೂ ಆಗಬಹುದು. ನಾವು "ಕೆಳಗಿಂದ" ಅಂದ್ರ ಮುಗೀತು.

ಸಬ್‌ಟೈಟಲ್ ಸೀನ:

ಧಾರವಾಡ ಸರ್, ಅಜ್ಜಿ ನಿಂತಿರೋ ಜಾಗದ ಮೇಲೇ ಮುಂದಿನ ಸೀನ್ ಇದೆ, ಕೇಮ್ ಉಳಿಸ್ಕೊಳ್ತೀನಿ. ಇನ್ನೊಂದು ಡೌಟು, "ಥ್ರೋ ಇಟ್ ಔಟ್" ಅಂತ ಮಧ್ಯ ತುರುಕ್ತಾರಲ್ಲ, "ಗೆಟ್ ಇಟ್ ಆನ್" ಅಂತ ಬಸ್ಸಿಗೆ ಯಾಕೆ ಹೇಳಲ್ಲ? ಮತ್ತೆ "ಗೆಟ್ ಡೌನ್ ಅಟ್ ಮೆಜೆಸ್ಟಿಕ್" ಅಂತ ಹಾಕಿದ್ರೆ ಹೊರಗಿನವರಿಗೆ ಅರ್ಥ ಆಗುತ್ತಾ?

ಕುಡ್ಲದ ಕಂಡಕ್ಟರ್ ಮಗಳು:

ಬಸ್ಸಿನ ವಿಷಯ ನಾನು ಹೇಳದೆ ಇನ್ಯಾರು ಹೇಳುವುದು ಮಾರಾಯ್ರೆ. "ಥ್ರೋ ಇಟ್ ಔಟ್"ನಲ್ಲಿ ಇಟ್ ಅಂದ್ರೆ ಎಸೆಯುವ ವಸ್ತು, ಔಟ್ ದಿಕ್ಕು, ಸರ್ವನಾಮ ಆದ್ರೆ ಮಧ್ಯವೇ ಬರ್ಬೇಕು, ನೌನ್ ಆದ್ರೆ ಆಚೆ ಈಚೆ ಎರಡೂ ಆಗ್ತದೆ. ಬಸ್ಸು ಹತ್ತುವಾಗ ಬಸ್ಸು ಚಲಿಸುವ ವಸ್ತು ಅಲ್ಲ, ಚಲಿಸಿದ್ದು ನೀವು, ಬಸ್ಸು ಬರೀ ಜಾಗ. ಆ ಆನ್ ಪ್ರಿಪೊಸಿಷನ್, ಜಾಗ ಹೇಳುವ ಪದ ಅದರ ನಂತರವೇ ಬರ್ಬೇಕು, "ಗೆಟ್ ಆನ್ ಇಟ್". ಮತ್ತೆ ನಿಂತು ನಡೆದಾಡ್ಲಿಕ್ಕೆ ಆಗುವಂಥದ್ದು, ಬಸ್ಸು ರೈಲು ವಿಮಾನ ಹಡಗು, ಅದಕ್ಕೆ ಗೆಟ್ ಆನ್, ಗೆಟ್ ಆಫ್. ಬಗ್ಗಿ ಕೂರ್ಬೇಕಾದ ಕಾರು, ಆಟೋಗೆ ಗೆಟ್ ಇನ್‌ಟು, ಗೆಟ್ ಔಟ್ ಆಫ್. ಸೈಕಲ್ಲು, ಕುದುರೆಗೆ ಪುನಃ ಆನ್, ಆಫ್. "ಗೆಟ್ ಡೌನ್" ಇಂಡಿಯಾದಲ್ಲಿ ಎಲ್ಲರಿಗೂ ಗೊತ್ತುಂಟು, ತಪ್ಪು ಅಂತ ನಾನು ಹೇಳುದಿಲ್ಲ, ಆದ್ರೆ ಹೊರದೇಶದವರಿಗೆ ಅದು "ಬಗ್ಗು, ತಲೆ ತಗ್ಗಿಸು" ಅಂತ ಕೇಳ್ತದೆ, ಬಸ್ಸಲ್ಲಿ ಗುಂಡು ಹಾರ್ತಾ ಉಂಟಾ ಅಂತ ಗಾಬರಿ ಆದೀತು. ಫೆಸ್ಟಿವಲ್‌ಗೆ ಕಳಿಸುದಾದ್ರೆ "ಗೆಟ್ ಆಫ್ ಅಟ್" ಹಾಕಿ.

ಅಪ್, ಡೌನ್‌ನಲ್ಲಿ ಮಾತ್ರ ಜಾಗ್ರತೆ, ಎಲ್ಲಾ ಅಪ್ ಮೇಲೆ ಅಲ್ಲ. "ವಾಕ್ಡ್ ಅಪ್ ಟು ಹಿಮ್" ಅಂದ್ರೆ ಹತ್ತಿರ ಹೋದ ಅಂತ ಅಷ್ಟೆ, ಏರು ಎಂತದ್ದೂ ಇಲ್ಲ. ನಾವು "ಘಟ್ಟ ಹತ್ತಿ ಬೆಂಗ್ಳೂರಿಗೆ ಹೋದ" ಅನ್ನುವಾಗ ನಿಜವಾದ ಏರು ಉಂಟು, ಅದನ್ನು ಬರೀ "ವೆಂಟ್ ಅಪ್ ಟು ಬೆಂಗಳೂರು" ಅಂತ ಹಾಕಿದ್ರೆ ಯಾರಿಗೂ ಘಟ್ಟ ಕಾಣುದಿಲ್ಲ. "ಅಪ್ ದ ಘಾಟ್ಸ್ ಟು ಬೆಂಗಳೂರು" ಅಂತ ಜಾಗದ ಹೆಸರನ್ನೇ ಸೇರಿಸ್ಬೇಕು.